ಗುಂಡುತೋಪಿನಲ್ಲೇ ಶುರು ಮಾಡಿ, ಮೇಷ್ಟ್ರೇ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಮ್ಯಾಪ್ ರೀಡಿಂಗ್ ಕಲಿತಿದ್ದೆ. ಈಗ ಸುತ್ತಲಿನ ನಾಲ್ಕೈದು ಶಾಲೆಗಳ ಮಕ್ಕಳಿಗೆ ಕಾಡಿನಲ್ಲಿ ಒಂದು ಓರಿಯೆಂಟೀರಿಂಗ್ ಸ್ಪರ್ಧೆ (ನಕ್ಷೆ, ಕಂಪಾಸ್ ಹಿಡಿದು ಗುರುತಿನ ಜಾಗಗಳನ್ನು ಹುಡುಕುತ್ತಾ ಓಡುವ ಆಟ) ಮಾಡಬೇಕು ಅಂತಿದೆ. ಮೈಸೂರಿನ ಓಟದ ಗುಂಪೊಂದರ ದೊಡ್ಡವರೂ ಬರುತ್ತೇವೆ ಅಂದಿದ್ದಾರೆ. ಒಟ್ಟು ನೂರು ಜನ ಆಗಬಹುದು. ಮೇಲುಕೋಟೆ ಕಾಡು ಇಲ್ಲವೇ ಕುಂತಿಬೆಟ್ಟ, ಫೆಬ್ರವರಿ ಕೊನೆಯ ಭಾನುವಾರ ಅಂದುಕೊಂಡಿದ್ದೇವೆ. ಗೂಗಲ್ ಮ್ಯಾಪ್ ಪ್ರಿಂಟ್ ತೆಗೆದು ಕೊಟ್ಟರೆ ಸಾಕಾ? ಯಾರ ಅನುಮತಿ ಬೇಕು? ರಾತ್ರಿ ಸ್ಪರ್ಧೆಯನ್ನೂ ಇಡಿ ಅಂತ ಹುಡುಗರು ಗಂಟು ಬಿದ್ದಿದ್ದಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಸ್ಪರ್ಧೆ ಖಂಡಿತ ಮಾಡಿ. ಆದರೆ ಆ ಎರಡು ಜಾಗ, ಆ ತಿಂಗಳು, ಮೂರನ್ನೂ ಕೈಬಿಡಿ.

ಮೇಲುಕೋಟೆ ಸುತ್ತಲಿನ ಕಾಡಿನ ದೊಡ್ಡ ಭಾಗ 1974ರಿಂದ ವನ್ಯಜೀವಿಧಾಮ. ತೋಳಗಳಿಗೆ ಹೆಸರಾದ ಜಾಗ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಥ ಕಡೆ ಒಳಗೆ ಹೋಗೋದಕ್ಕೇ ಪರವಾನಗಿ ಬೇಕು. ಯಾವ ಯಾವ ಕಾರಣಕ್ಕೆ ಪರವಾನಗಿ ಕೊಡಬಹುದು ಅನ್ನೋದನ್ನೂ ಕಾಯ್ದೆಯೇ ಹೇಳುತ್ತದೆ: ಅಧ್ಯಯನ, ಫೋಟೊಗ್ರಫಿ, ಪ್ರವಾಸ ಇಂಥವು. ನೂರು ಜನ ದಾರಿ ಬಿಟ್ಟು ಪೊದೆಯೊಳಗೆ ನುಗ್ಗುವ ಸ್ಪರ್ಧೆ ಅದರಲ್ಲಿಲ್ಲ. ಅಧಿಕಾರಿಗಳು ಆಗಲ್ಲ ಅಂತಾರೆ. ನ್ಯಾಯವಾಗಿ ಅವರು ಅನ್ನಬೇಕಾದದ್ದೂ ಅದನ್ನೇ.

ಕುಂತಿಬೆಟ್ಟದ ಸಮಸ್ಯೆ ಬೇರೆ. ಚಾರಣಕ್ಕೆ ಬಂದವರು ಒಬ್ಬರ ಹಿಂದೊಬ್ಬರು ಕಾಲುದಾರಿ ಹಿಡಿದು ಹತ್ತುತ್ತಾರೆ. ಓರಿಯೆಂಟೀರಿಂಗ್ ಹುಡುಗ ಹಾಗಲ್ಲ. ನಕ್ಷೆಯಲ್ಲಿ ಹತ್ತಿರ ಕಂಡರೆ ಬಂಡೆ ಮೇಲಿಂದ ನೇರ ಇಳಿಯೋಕೆ ನೋಡುತ್ತಾನೆ. ಗಡಿಯಾರ ಓಡುತ್ತಿರುವಾಗ ಹದಿನಾಲ್ಕರ ಹುಡುಗನಿಗೆ ಎಷ್ಟು ಬುದ್ಧಿ ಹೇಳಿದರೂ ಅಷ್ಟೇ. ಜೊತೆಗೆ ದೊಡ್ಡ ಬಂಡೆಗಳ ಮರೆಯಲ್ಲಿ ಹೆಜ್ಜೇನು ಕಟ್ಟುತ್ತದೆ.

ಫೆಬ್ರವರಿ ಕೊನೆ ಅಂದರೆ ಬೆಂಕಿಯ ಕಾಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನಿಮಗೆ ನೆನಪಿರಬೇಕು. ಆ ದಿನಗಳಲ್ಲಿ ಇಲಾಖೆಯವರಿಗೆ ಬೆಂಕಿ ಕಾಯೋದೇ ಕೆಲಸ. ನಿಮ್ಮ ಅರ್ಜಿ ಓದೋಕೂ ಪುರುಸೊತ್ತಿರಲ್ಲ. ನಿಮಗೂ ಆಗ ಹತ್ತನೇ ಕ್ಲಾಸಿನ ಪರೀಕ್ಷೆ ತಲೆ ಮೇಲಿರುತ್ತದೆ. ಸಂಕ್ರಾಂತಿಗೆ ಮುಂಚಿನ ಭಾನುವಾರ ಇಟ್ಟುಕೊಳ್ಳಿ. ಭತ್ತದ ಕೊಯ್ಲು ಬಹುಪಾಲು ಮುಗಿದಿರುತ್ತದೆ, ಹುಲ್ಲು ಬಾಗಿರುತ್ತದೆ, ಹತ್ತು ಗಂಟೆಯವರೆಗೂ ಬಿಸಿಲು ಹಿತವಾಗಿರುತ್ತದೆ.

ಹಾಗಾದರೆ ಎಲ್ಲಿ? ಓರಿಯೆಂಟೀರಿಂಗ್‌ಗೆ ದೊಡ್ಡ ಕಾಡೇ ಬೇಕು ಅಂತೇನಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟೋ ಊರಿಗೆ ಹಳೇ ಗುಂಡುತೋಪು ಇದೆ. ಹುಣಸೆ, ಹೊಂಗೆ, ನೇರಳೆ, ಮಾವು. ಅದರ ಪಕ್ಕ ಕೆರೆ, ಕೆರೆ ಆಚೆ ಗೋಮಾಳ, ಗೋಮಾಳದ ಕೊನೆಗೆ ಒಂದು ಕುರುಚಲು ಗುಡ್ಡ. ಇಷ್ಟು ಒಟ್ಟಿಗೆ ಸಿಕ್ಕರೆ ಮಕ್ಕಳ ಮೊದಲ ಸ್ಪರ್ಧೆಗೆ ಧಾರಾಳ. ಅರ್ಧ ಚದರ ಕಿಲೋಮೀಟರ್ ಜಾಗ ಸಾಕು. ಇಂಥ ಜಾಗದಲ್ಲಿ ನಾನು ಮೊದಲು ನೋಡೋದು ಗಡಿ. ದಾರಿ ತಪ್ಪಿದ ಮಗು ಯಾವ ದಿಕ್ಕಿಗೆ ಓಡಿದರೂ ಐದು ನಿಮಿಷದಲ್ಲಿ ರಸ್ತೆಗೋ ಕೆರೆ ಏರಿಗೋ ಬಂದು ತಾಗಬೇಕು. ಮೂರು ಕಡೆ ಗಡಿ ಇದ್ದು ನಾಲ್ಕನೇ ಕಡೆ ಕಾಡಿಗೇ ತೆರೆದುಕೊಂಡಿದ್ದರೆ ಅಂಥ ಜಾಗ ಬೇಡ. ನಾಲೆ ಮಾತ್ರ ಗಡಿ ಅಲ್ಲ, ಅಪಾಯ. ವಿಶ್ವೇಶ್ವರಯ್ಯ ನಾಲೆಯಾಗಲಿ ಅದರ ದೊಡ್ಡ ಕವಲಾಗಲಿ ಹತ್ತಿರ ಹಾದು ಹೋಗಿದ್ದರೆ ಜಾಗ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಒಳಗೆ ಬಿದ್ದವನಿಗೆ ಹಿಡಿದುಕೊಳ್ಳೋಕೆ ಏನೂ ಇರಲ್ಲ. ಕಲ್ಲು ತೆಗೆದು ಬಿಟ್ಟ ಕ್ವಾರಿ, ಕಟ್ಟೆ ಇಲ್ಲದ ಬಾವಿಗೂ ಇದೇ ಮಾತು.

ಈಗ ನಕ್ಷೆ. ನಿಮ್ಮ ಸಮಯದ ಮುಕ್ಕಾಲು ಪಾಲು ಇದಕ್ಕೇ ಹೋಗುತ್ತದೆ, ಹೋಗಲೂಬೇಕು. ಗೂಗಲ್ ಮ್ಯಾಪ್ ಪ್ರಿಂಟ್ ಸಾಲದು. ಅದರಲ್ಲಿ ರಸ್ತೆ ಇದೆ, ಅಂಗಡಿ ಇದೆ. ಬಂಡೆ ಇಲ್ಲ, ಕೊರಕಲು ಇಲ್ಲ. ಪೊದೆ ಎಲ್ಲಿ ದಟ್ಟ, ಎಲ್ಲಿ ತೆಳು ಅನ್ನೋದಂತೂ ಇಲ್ಲವೇ ಇಲ್ಲ. ಉಪಗ್ರಹ ಚಿತ್ರದಲ್ಲಿ ಮರದ ತಲೆ ಕಾಣುತ್ತದೆ, ಬುಡ ಕಾಣಲ್ಲ. ಎನ್‌ಸಿಸಿಯಲ್ಲಿ ನೀವು ನೋಡಿರಬಹುದಾದ ಸರ್ವೆ ಆಫ್ ಇಂಡಿಯಾ ಶೀಟು 1:50,000 ಅಳತೆಯದು. ನೆಲದ ಮೇಲಿನ ಅರ್ಧ ಕಿಲೋಮೀಟರ್ ಅದರಲ್ಲಿ ಒಂದು ಸೆಂಟಿಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಾಂಟೂರ್ ಗೆರೆ 20 ಮೀಟರ್ ಎತ್ತರಕ್ಕೊಂದು. ನಿಮ್ಮ ಗುಡ್ಡ ಪೂರ್ತಿ ಒಂದೇ ಗೆರೆಯಲ್ಲಿ ಮುಗಿದುಹೋಗಬಹುದು.

ಅಂತರರಾಷ್ಟ್ರೀಯ ಓರಿಯೆಂಟೀರಿಂಗ್ ಫೆಡರೇಶನ್ 1961ರಲ್ಲಿ ಹುಟ್ಟಿತು. ಅದರ ನಿಯಮದಲ್ಲಿ ಕಾಡಿನ ನಕ್ಷೆ 1:15,000 ಅಥವಾ 1:10,000, ಕಾಂಟೂರ್ ಸಾಮಾನ್ಯವಾಗಿ 5 ಮೀಟರಿಗೊಂದು. ಹೊಸ ಮಕ್ಕಳಿಗೆ ಅದೂ ಸಣ್ಣದಾಗುತ್ತದೆ. ನೀವು 1:5,000 ಇಟ್ಟುಕೊಳ್ಳಿ. ಒಂದು ಎ4 ಹಾಳೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಅಗಲ, ಒಂದೂವರೆ ಕಿಲೋಮೀಟರ್ ಉದ್ದ ಕೂರುತ್ತದೆ. ಹಾಳೆಯ ಮೇಲೆ ಎರಡು ಸೆಂಟಿಮೀಟರ್ ಅಂದರೆ ನೂರು ಮೀಟರ್. ಮಕ್ಕಳಿಗೆ ಲೆಕ್ಕವೂ ಸುಲಭ.

ಬಿಡಿಸೋಕೆ ಓಪನ್ ಓರಿಯೆಂಟೀರಿಂಗ್ ಮ್ಯಾಪರ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿನಲ್ಲೂ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತದೆ. ಮುಂಚೆ ಖಾಸಗಿಯವರು ನಕ್ಷೆ ಮಾಡೋದಕ್ಕೆ ಅನುಮತಿಯ ರಗಳೆ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲ ಮಾಡಿದ ಮೇಲೆ ಆ ತೊಂದರೆ ಇಲ್ಲ. ಆದರೂ ಅಣೆಕಟ್ಟಿನಂಥ ಸೂಕ್ಷ್ಮ ಜಾಗಗಳ ಹತ್ತಿರ ಹೋಗಬೇಡಿ. ಮೊದಲು ಉಪಗ್ರಹ ಚಿತ್ರವನ್ನು 1:2,500ಕ್ಕೆ ದೊಡ್ಡದು ಮಾಡಿ ಪ್ರಿಂಟ್ ತೆಗೆಸಿ. ಎಲೆ ಉದುರಿದ ಮಾರ್ಚ್ ತಿಂಗಳ ಹಳೇ ಚಿತ್ರ ಸಿಕ್ಕರೆ ಅದನ್ನೇ ತಗೊಳ್ಳಿ. ಕಾಲುದಾರಿ, ಕೊರಕಲು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ಅದನ್ನು ರಟ್ಟಿಗೆ ಕ್ಲಿಪ್ ಮಾಡಿ, ಪೆನ್ಸಿಲ್ ಹಿಡಿದು ಜಾಗಕ್ಕೆ ಹೋಗಿ. ಏರಿ, ತೂಬು, ಕೋಡಿ, ದೇವಸ್ಥಾನ, ಗಾಡಿದಾರಿ ಇವನ್ನು ಮೊದಲು ಗಟ್ಟಿಯಾಗಿ ಕೂರಿಸಿಕೊಳ್ಳಿ. ಆಮೇಲೆ ಅಲ್ಲಿಂದ ಹೆಜ್ಜೆ ಎಣಿಸುತ್ತಾ ಬಂಡೆ, ಗುಂಡಿ, ಒಂಟಿ ಮರಗಳನ್ನು ಸೇರಿಸುತ್ತಾ ಹೋಗಿ. ಐದಾರು ಭಾನುವಾರ ಬೇಕಾಗುತ್ತದೆ. ಒಂಬತ್ತನೇ ಕ್ಲಾಸಿನ ಇಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನೂರು ಮೀಟರಿಗೆ ತಮ್ಮ ಹೆಜ್ಜೆ ಎಷ್ಟು ಅಂತ ಮೊದಲ ದಿನವೇ ಅವರು ಲೆಕ್ಕ ಮಾಡಿಕೊಳ್ಳಲಿ. ಅವರು ಸ್ಪರ್ಧೆಯಲ್ಲಿ ಓಡುವ ಹಾಗಿಲ್ಲ, ನಿಮ್ಮ ಜೊತೆ ಸಂಘಟಕರಾಗಿರುತ್ತಾರೆ.

ಕಾಂಟೂರ್ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಎತ್ತರದ ಮಾಹಿತಿ 30 ಮೀಟರಿಗೊಂದು ಬಿಂದುವಿನದು. ಅದರಿಂದ ತಂತ್ರಾಂಶ 5 ಮೀಟರಿನ ಗೆರೆಗಳನ್ನು ಚೆಂದವಾಗಿ ಎಳೆದುಕೊಡುತ್ತದೆ, ಆದರೆ ತೋಪಿನ ಮರದ ತಲೆಯನ್ನೂ ಗುಡ್ಡ ಅಂದುಕೊಂಡಿರುತ್ತದೆ. ಅದನ್ನು ಕಚ್ಚಾ ಅಂತ ಇಟ್ಟುಕೊಂಡು ಗುಡ್ಡದ ಮೂಗು, ಕಣಿವೆಗಳನ್ನು ನಿಂತು ನೋಡಿ ತಿದ್ದಿ.

ಬಣ್ಣಗಳು ಹೊಸಬರನ್ನು ಗಲಿಬಿಲಿ ಮಾಡುತ್ತವೆ. ನಕ್ಷೆಯಲ್ಲಿ ಬಿಳಿ ಅಂದರೆ ಬಯಲು ಅಂದುಕೊಳ್ಳುತ್ತಾರೆ. ಅಲ್ಲ, ಬಿಳಿ ಅಂದರೆ ಸಲೀಸಾಗಿ ಓಡಬಹುದಾದ ಮರಗಾಡು. ನಿಮ್ಮ ತೋಪು ಬಿಳಿ, ಗೋಮಾಳ ಹಳದಿ. ಹಸಿರು ಗಾಢವಾದಷ್ಟೂ ಓಟ ನಿಧಾನ. ತೆಳು ಹಸಿರಿನಲ್ಲಿ ಮಾಮೂಲಿ ವೇಗದ ನೂರಕ್ಕೆ 60ರಿಂದ 80 ಪಾಲು, ಕಡು ಹಸಿರಿನಲ್ಲಿ ನೂರಕ್ಕೆ ಇಪ್ಪತ್ತೂ ಇಲ್ಲ. ನಮ್ಮ ಕಡೆ ಕಡು ಹಸಿರು ಅಂದರೆ ಲಂಟಾನ. ಅದು ಮಳೆ ನಿಂತ ಮೇಲೆ ಒಂದು ಆಕಾರ, ಬೇಸಿಗೆಗೆ ಇನ್ನೊಂದು. ಹೋದ ವರ್ಷದ ಸಂದು ಈ ವರ್ಷ ಮುಚ್ಚಿರುತ್ತದೆ. ಆದ್ದರಿಂದ ಹಸಿರನ್ನು ಡಿಸೆಂಬರಿನಲ್ಲೇ ಬಿಡಿಸಿ. ಗದ್ದೆ, ತೋಟಕ್ಕೆ ಪ್ರವೇಶ ಇಲ್ಲ ಅಂತ ಗುರುತು ಹಾಕಿ. ಕಬ್ಬಿನ ಗದ್ದೆಗೆ ಇನ್ನೂ ಗಟ್ಟಿಯಾಗಿ ಹಾಕಿ.

ದನ ತುಳಿದ ದಾರಿಗಳನ್ನೆಲ್ಲ ಬಿಡಿಸೋಕೆ ಹೋಗಬೇಡಿ. ಗೋಮಾಳದಲ್ಲಿ ಅವು ನೂರಾರು ಇರುತ್ತವೆ. ಓಡುವವನ ಕಣ್ಣಿಗೆ ಬೇರೆಯಾಗಿ ಎದ್ದು ಕಾಣುವ ದಾರಿ ಮಾತ್ರ ನಕ್ಷೆಗೆ ಬರಲಿ. ಹುತ್ತ ಮಾತ್ರ ಬಿಡಬೇಡಿ. ಅಂತರರಾಷ್ಟ್ರೀಯ ಚಿಹ್ನೆಗಳ ಪಟ್ಟಿಯಲ್ಲೇ ಹುತ್ತಕ್ಕೆ ಒಂದು ಚಿಹ್ನೆ ಇದೆ. ಆಳೆತ್ತರದ ಕೆಂಪು ಹುತ್ತ ದೂರದಿಂದಲೇ ಕಾಣುತ್ತದೆ, ದಾರಿ ನೋಡೋಕೆ ಅದಕ್ಕಿಂತ ಒಳ್ಳೇ ಗುರುತಿಲ್ಲ. ಆದರೆ ಅಲ್ಲಿ ಕಂಟ್ರೋಲ್, ಅಂದರೆ ಓಡುವವರು ಹುಡುಕಿ ಮುಟ್ಟಬೇಕಾದ ಬಾವುಟ, ಇಡಬೇಡಿ. ಅರಿಶಿನ ಕುಂಕುಮ ಹಚ್ಚಿದ್ದರೆ ಊರವರಿಗೆ ಬೇಜಾರಾಗುತ್ತದೆ, ಹಚ್ಚದೇ ಇದ್ದರೂ ಒಳಗೆ ಯಾರಿದ್ದಾರೋ ಹೇಳೋಕಾಗಲ್ಲ.

ಕೊನೆಗೆ ಉತ್ತರದ ಗೆರೆ. ಕಂಪಾಸ್ ತೋರಿಸುವ ಉತ್ತರಕ್ಕೆ ಹೊಂದಿಸಿ ಎಳೆಯಬೇಕು. ನಮ್ಮ ಭಾಗದಲ್ಲಿ ನಿಜವಾದ ಉತ್ತರಕ್ಕೂ ಅದಕ್ಕೂ ವ್ಯತ್ಯಾಸ ಎರಡು ಡಿಗ್ರಿಗಿಂತ ಕಡಿಮೆ, ಪಶ್ಚಿಮದ ಕಡೆಗೆ. ಮಕ್ಕಳ ಸ್ಪರ್ಧೆಯಲ್ಲಿ ಇದರಿಂದ ದೊಡ್ಡ ತಪ್ಪೇನೂ ಆಗಲ್ಲ, ಆದರೂ ತಂತ್ರಾಂಶದಲ್ಲಿ ಒಂದು ಸಂಖ್ಯೆ ಹಾಕಿದರೆ ಮುಗಿಯಿತು. ಪ್ರಿಂಟ್ ಲೇಸರಿನಲ್ಲೇ ತೆಗೆಸಿ. ಇಂಕ್‌ಜೆಟ್ ಆದರೆ ಬೆವರಿನ ಕೈಯಲ್ಲಿ ಕೆರೆಯೆಲ್ಲ ಹರಿದುಹೋಗುತ್ತದೆ.

ಕೋರ್ಸ್ ಹಾಕೋದು, ಅಂದರೆ ಯಾವ ಕಂಟ್ರೋಲ್ ಆದ ಮೇಲೆ ಯಾವುದು ಅಂತ ಗೊತ್ತು ಮಾಡೋದು, ಇದಕ್ಕಿಂತ ಮಜವಾದ ಕೆಲಸ. ಹೊಸಬರೆಲ್ಲ ಬಾವುಟ ಬಚ್ಚಿಡೋಕೆ ನೋಡುತ್ತಾರೆ. ಬೇಡ, ಇದು ಕಣ್ಣಾಮುಚ್ಚಾಲೆ ಅಲ್ಲ. ನಕ್ಷೆಯಲ್ಲಿ ಬಂಡೆಯ ಪೂರ್ವಕ್ಕೆ ಅಂತ ಹೇಳಿದ್ದರೆ, ಬಂಡೆಯ ಪೂರ್ವಕ್ಕೆ ಹೋದ ತಕ್ಷಣ ಬಾವುಟ ಎದುರಿಗೇ ಕಾಣಬೇಕು. ಕಷ್ಟ ಇರಬೇಕಾದ್ದು ಆ ಬಂಡೆಗೆ ಯಾವ ಕಡೆಯಿಂದ ಹೋಗೋದು ಅನ್ನೋ ತೀರ್ಮಾನದಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ನಾಲ್ಕನೇ ಕಂಟ್ರೋಲ್ ಕೆರೆಯ ಈ ದಡದಲ್ಲಿ, ತೂಬಿನ ಹತ್ತಿರ. ಐದನೆಯದು ಆ ದಡದಲ್ಲಿ, ಗಡಿಕಲ್ಲಿನ ಪಕ್ಕ. ನಕ್ಷೆ ನೋಡಿದರೆ ನೀರು ಬರುವ ಕಡೆಯಿಂದ ಸುತ್ತಿದರೆ ನಾನೂರು ಮೀಟರ್, ಏರಿ ಮೇಲೆ ಹೋದರೆ ಆರುನೂರೈವತ್ತು. ಅವಸರದ ಹುಡುಗ ನಾನೂರರ ಕಡೆ ಓಡುತ್ತಾನೆ. ಜನವರಿಯಲ್ಲಿ ಅಲ್ಲಿ ಕೆಸರು, ಆಮೇಲೆ ಜೊಂಡು, ಅದು ದಾಟಿದರೆ ಜಾಲಿ. ಅಷ್ಟರಲ್ಲಿ ಏರಿ ಮೇಲೆ ಓಡಿದವಳು ಪಂಚ್ ಮಾಡಿ (ಬಂದದ್ದಕ್ಕೆ ತನ್ನ ಕಾರ್ಡಿನಲ್ಲಿ ಗುರುತು ಒತ್ತಿ) ಆರನೆಯದಕ್ಕೆ ಹೊರಟಿರುತ್ತಾಳೆ. ಕೆಸರು, ಜೊಂಡು ಎರಡೂ ನಕ್ಷೆಯಲ್ಲಿ ಸರಿಯಾಗಿ ಬಿಡಿಸಿರಬೇಕು, ಇಲ್ಲದಿದ್ದರೆ ಅದು ಮೋಸ. ನಕ್ಷೆಗೆ ಅಷ್ಟು ಭಾನುವಾರ ಕೊಡಿ ಅಂದದ್ದು ಇದಕ್ಕೇ.

ಮೊದಲ ಎರಡು ಕಂಟ್ರೋಲ್ ದಾರಿ ಪಕ್ಕದಲ್ಲೇ ಇರಲಿ. ಮಗುವಿಗೆ ಧೈರ್ಯ ಬರುತ್ತದೆ. ನಿಮಗೆ ಬೇಕಾದ್ದು ಮೂರು ಕೋರ್ಸ್: ಚಿಕ್ಕವರಿಗೆ ಪೂರ್ತಿ ದಾರಿಗುಂಟ ಒಂದೂವರೆ ಕಿಲೋಮೀಟರ್, ದೊಡ್ಡ ಮಕ್ಕಳಿಗೆ ಎರಡೂವರೆ, ಮೈಸೂರಿನವರಿಗೆ ನಾಲ್ಕು. ಇದು ಕಂಟ್ರೋಲಿನಿಂದ ಕಂಟ್ರೋಲಿಗೆ ನೇರ ಗೆರೆಯ ಲೆಕ್ಕ. ಓಡುವಾಗ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. ಒಂದೇ ಕಂಟ್ರೋಲನ್ನು ಎರಡು ಮೂರು ಕೋರ್ಸಿಗೆ ಬಳಸಿದರೆ ಇಪ್ಪತ್ತು ಬಾವುಟದಲ್ಲಿ ಕೆಲಸ ಮುಗಿಯುತ್ತದೆ. ಎರಡು ಕಂಟ್ರೋಲ್ ನಡುವೆ 30 ಮೀಟರಾದರೂ ಇರಲಿ. ಪ್ರತಿ ಬಾವುಟಕ್ಕೂ ಒಂದು ಸಂಖ್ಯೆ, 31ರಿಂದ ಶುರು. ಒಂದು ಎರಡು ಅಂತ ಕೊಟ್ಟರೆ ಓಡುವ ಕ್ರಮದ ಜೊತೆ ಕಲಸಿಹೋಗುತ್ತದೆ. ಇದನ್ನೆಲ್ಲ ನಕ್ಷೆ ಮೇಲೆ ಕೂರಿಸೋಕೆ ಪರ್ಪಲ್ ಪೆನ್ ಅನ್ನೋ ತಂತ್ರಾಂಶ ಇದೆ, ಅದೂ ಪುಕ್ಕಟೆ.

ಬಾವುಟ ನಿಮ್ಮೂರ ಟೈಲರ್ ಹತ್ತಿರವೇ ಹೊಲಿಸಿ. ಮೂರು ಮುಖ, ಒಂದೊಂದೂ 30 ಸೆಂಟಿಮೀಟರ್ ಚೌಕ, ಕರ್ಣಕ್ಕೆ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಿತ್ತಳೆ. ಪಂಚ್‌ಗೆ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ, ದುಡ್ಡು ಜಾಸ್ತಿ. ಸೂಜಿ ಪಂಚ್ ಸಾಕು. ಅದೂ ಸಿಗದಿದ್ದರೆ ಬೇರೆ ಬೇರೆ ಬಣ್ಣದ ಕ್ರೇಯಾನ್ ದಾರದಲ್ಲಿ ಕಟ್ಟಿ. ಮ್ಯಾಪ್‌ರನ್ ಅನ್ನೋ ಆ್ಯಪ್‌ನಲ್ಲಿ ಫೋನಿನ ಜಿಪಿಎಸ್ಸೇ ಪಂಚ್ ಮಾಡಿಕೊಳ್ಳುತ್ತದೆ. ಮೈಸೂರಿನವರಿಗೆ ಬೇಕಾದರೆ ಅದನ್ನು ಕೊಡಿ. ಮಕ್ಕಳ ಕೈಗೆ ಫೋನ್ ಬೇಡ, ಫೋನ್ ಇದ್ದ ಮೇಲೆ ನಕ್ಷೆ ಯಾರು ನೋಡುತ್ತಾರೆ?

ಬಾವುಟ ಹಿಂದಿನ ದಿನ ಕಟ್ಟಿದರೆ ಬೆಳಗ್ಗೆ ಇರಲ್ಲ. ಹಿಂದಿನ ಸಂಜೆ ಬರೀ ಟೇಪ್ ಗುರುತು ಹಾಕಿ, ಬೆಳಕು ಹರಿದ ಮೇಲೆ ಬಾವುಟ ಕಟ್ಟಿ. ದನ, ಕುರಿ ಕಾಯುವವರಿಗೆ ವಾರಕ್ಕೆ ಮುಂಚೆಯೇ ಹೇಳಿರಿ. "ಇದು ಶಾಲೆ ಮಕ್ಕಳ ಆಟದ ಗುರುತು, ಮಧ್ಯಾಹ್ನ ತೆಗೆಯುತ್ತೇವೆ" ಅಂತ ಪ್ರತಿ ಬಾವುಟಕ್ಕೂ ಕನ್ನಡದಲ್ಲಿ ಚೀಟಿ ಕಟ್ಟಿ. ಮೂರು ದಾರಿ ಕೂಡುವಲ್ಲಿ ಹೇಳದೆ ಕೇಳದೆ ಕಿತ್ತಳೆ ಬಟ್ಟೆ ಕಟ್ಟಿದರೆ ಯಾರೋ ಮಾಟ ಮಾಡಿಸಿದ್ದಾರೆ ಅಂತ ಊರೆಲ್ಲ ಸುದ್ದಿಯಾಗುತ್ತದೆ. ನಗಬೇಡಿ, ಆಗುತ್ತದೆ.

ಅನುಮತಿ ವಿಷಯ ಚಿಕ್ಕದು. ಗುಂಡುತೋಪು, ಗೋಮಾಳ ಸಾಮಾನ್ಯವಾಗಿ ಕಂದಾಯ ಇಲಾಖೆ ಲೆಕ್ಕದಲ್ಲಿರುತ್ತವೆ. ತಹಶೀಲ್ದಾರರಿಗೆ ಒಂದು ಅರ್ಜಿ, ಗ್ರಾಮ ಪಂಚಾಯಿತಿ ಪಿಡಿಓಗೆ ಒಂದು, ಪೊಲೀಸ್ ಠಾಣೆಗೆ ಒಂದು ತಿಳಿವಳಿಕೆ ಪತ್ರ. ಮಕ್ಕಳಿರುವುದರಿಂದ ಬಿಇಓ ಅನುಮತಿ, ಪೋಷಕರ ಒಪ್ಪಿಗೆ ಸಹಿ. ಗುಡ್ಡ ಯಾರ ಲೆಕ್ಕದ್ದು ಅಂತ ಸರ್ವೆ ನಂಬರ್ ಹಾಕಿ ಪಹಣಿ ನೋಡಿ. ಅರಣ್ಯ ಅಂತಿದ್ದರೆ ವಲಯ ಅರಣ್ಯಾಧಿಕಾರಿಯನ್ನು ಮೊದಲು ಭೇಟಿ ಮಾಡಿ, ಲಿಖಿತ ಅನುಮತಿ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಯಿಂದ ಬರಬೇಕು. ಎರಡು ತಿಂಗಳು ಮುಂಚೆ ಶುರು ಮಾಡಿ. ಮುಂದೆ ಮೈಸೂರಿನಲ್ಲೇ ಮಾಡುವುದಾದರೆ ಚಾಮುಂಡಿ ಬೆಟ್ಟದ ಕಾಡಿಗೂ ಇದೇ ದಾರಿ. ಅದಕ್ಕಿಂತ ಮಾನಸಗಂಗೋತ್ರಿ ಆವರಣ ಕೇಳಿನೋಡಿ.

ಇನ್ನು ಸುರಕ್ಷತೆ. ಇದರಲ್ಲಿ ಒಂದು ನಿಯಮ ಮಾತ್ರ ಯಾರಿಗೂ ಸಡಿಲ ಮಾಡಬೇಡಿ: ಒಳಗೆ ಹೋದ ಪ್ರತಿಯೊಬ್ಬರೂ ಫಿನಿಶ್‌ಗೆ ಬಂದು ಹೆಸರು ಹೊಡೆಸಬೇಕು. ಅರ್ಧಕ್ಕೆ ಬಿಟ್ಟವರೂ ಅಷ್ಟೇ. ನಕ್ಷೆ ಜೊತೆ ಒಂದು ಹರಿಯುವ ಚೀಟಿ ಇರಲಿ, ಸ್ಟಾರ್ಟ್‌ನಲ್ಲಿ ಹರಿದು ದಾರಕ್ಕೆ ಪೋಣಿಸಿ. ಮಗು ವಾಪಸ್ ಬಂದಾಗ ಆ ಚೀಟಿ ತೆಗೆಯಿರಿ. ದಾರದಲ್ಲಿ ಚೀಟಿ ಉಳಿದಿದೆ ಅಂದರೆ ಯಾರೋ ಒಳಗಿದ್ದಾರೆ. ಕಾಣೆಯಾದ ಅಂತ ಎಲ್ಲರೂ ಹುಡುಕುವ ಹುಡುಗ ಸಾಮಾನ್ಯವಾಗಿ ಕಾಡಿನಲ್ಲಿರಲ್ಲ. ಬೇಜಾರಾಗಿ ಸೀದಾ ಮನೆಗೆ ಹೋಗಿ ಇಡ್ಲಿ ತಿನ್ನುತ್ತಿರುತ್ತಾನೆ. ಆದರೆ ಅದು ಗೊತ್ತಾಗೋವರೆಗೆ ನಿಮ್ಮ ಜೀವ ಬಾಯಿಗೆ ಬಂದಿರುತ್ತದೆ.

ಸಮಯದ ಲೆಕ್ಕ ಹೀಗೆ. ಸೂರ್ಯ ಹುಟ್ಟೋದೇ ಆರೂಮುಕ್ಕಾಲರ ಸುಮಾರಿಗೆ, ಮಂಜೂ ಇರುತ್ತದೆ. ಎಂಟಕ್ಕೆ ಸ್ಟಾರ್ಟ್ ಇಡಿ. ಪ್ರತಿ ಕೋರ್ಸಿನಿಂದ ಎರಡು ನಿಮಿಷಕ್ಕೊಬ್ಬರು ಹೊರಟರೆ ಒಂಬತ್ತೂಕಾಲಿಗೆ ಎಲ್ಲರೂ ಒಳಗೆ. ಚಿಕ್ಕವರನ್ನು ಜೋಡಿಯಾಗಿ ಕಳಿಸಿ. ಹನ್ನೊಂದಕ್ಕೆ ಬಾಗಿಲು ಮುಚ್ಚಿತು, ಎಷ್ಟು ಕಂಟ್ರೋಲ್ ಬಾಕಿ ಇದ್ದರೂ ವಾಪಸ್. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ. ನಿಮಿಷಕ್ಕೆ ಆರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ, ಕೇಳಿದವರು ಓಟ ಬಿಟ್ಟು ಅಲ್ಲಿಗೆ ಹೋಗಬೇಕು. ಕೆರೆ ಏರಿಯ ಎರಡೂ ತುದಿಗೆ ದೊಡ್ಡವರೊಬ್ಬರು ನಿಂತಿರಲಿ.

ನಮ್ಮ ನೆಲದ ಅಪಾಯಗಳಲ್ಲಿ ಜನ ಮೊದಲು ಕೇಳೋದು ಚಿರತೆ. ಇದೆ, ಸುಳ್ಳಲ್ಲ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಆವರಣದಲ್ಲೇ ಕಂಡಿತ್ತು. ಮಂಡ್ಯದ ಕಡೆ ಕಬ್ಬಿನ ಗದ್ದೆಯಲ್ಲೇ ಮರಿ ಹಾಕುತ್ತದೆ. ಎಂಟು ಗಂಟೆ ಮೇಲೆ, ಕಬ್ಬಿನಿಂದ ದೂರ, ಗಲಾಟೆ ಇರುವ ಕಡೆ ಅದು ತಾನಾಗಿ ಜಾಗ ಬಿಡುತ್ತದೆ. ಆ ವಾರ ಊರಲ್ಲಿ ಹೆಜ್ಜೆ ಕಂಡಿದೆ, ಕುರಿ ಹೋಗಿದೆ ಅಂತ ಸುದ್ದಿ ಇದ್ದರೆ ಮಾತ್ರ ಮುಂದೂಡಿ. ನನಗೆ ಜಾಸ್ತಿ ಭಯ ಇರೋದು ಹೆಜ್ಜೇನು ಮತ್ತು ಹಂದಿಗೆ ಹಾಕಿದ ಕರೆಂಟ್ ತಂತಿ. ಗೂಡು ಕಂಡರೆ ಆ ಭಾಗವನ್ನೇ ಕೋರ್ಸಿನಿಂದ ತೆಗೆಯಿರಿ, ಹತ್ತಿರ ಹೊಗೆ ಬೇಡ, ಸೆಂಟ್ ಬೇಡ. ತಂತಿ ವಿಷಯ ಸುತ್ತಲಿನ ಜಮೀನಿನವರನ್ನು ಮನೆಗೆ ಹೋಗಿ ಕೇಳಿ. ತಪ್ಪು ಹುಡುಕೋಕೆ ಬಂದಿಲ್ಲ, ಮಕ್ಕಳು ಓಡುತ್ತಾರೆ ಅಂದರೆ ಹೇಳುತ್ತಾರೆ, ಆ ದಿನ ಬಿಚ್ಚಿಯೂ ಇಡುತ್ತಾರೆ. ಹಾವಿಗೆ ಶೂ, ಉದ್ದ ಪ್ಯಾಂಟ್. ಕಚ್ಚಿದರೆ ಕುಯ್ಯೋದು, ಬಿಗಿದು ಕಟ್ಟೋದು ಬೇಡ, ಕಾಲು ಅಲುಗಾಡದಂತೆ ಇಟ್ಟು ಸೀದಾ ಆಸ್ಪತ್ರೆಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧಿ ದಾಸ್ತಾನಿದೆಯಾ ಅಂತ ಹಿಂದಿನ ದಿನ ಫೋನ್ ಮಾಡಿ. ಒಂದು ಕಾರು ಕೀಲಿ ಸಮೇತ ಖಾಲಿ ನಿಂತಿರಲಿ, 108 ಬರೋವರೆಗೆ ಕಾಯೋದು ಬೇಡ.

ರಾತ್ರಿ ಸ್ಪರ್ಧೆ ಬೇಡ. ಹುಡುಗರಿಗೆ ನಿಮ್ಮ ಜಿಲ್ಲೆಯದೇ ಕಥೆ ಹೇಳಿ. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆ ನಡೆದಾಗ ಕರ್ನಲ್ ವೆಲ್ಲೆಸ್ಲಿ ರಾತ್ರಿ ಹೊತ್ತು ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ. ಕತ್ತಲಲ್ಲಿ ಅವನ ಪಡೆ ದಿಕ್ಕಾಪಾಲಾಯಿತು, ಕೆಲವರು ಟಿಪ್ಪುವಿನ ಕಡೆಯವರಿಗೆ ಸಿಕ್ಕಿಬಿದ್ದರು. ಮಾರನೇ ದಿನ ಹಗಲಲ್ಲಿ ಅದೇ ತೋಪು ಸುಲಭವಾಗಿ ಸಿಕ್ಕಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅವನೇ. ಅವನಿಗಾಗದ್ದು ನಿಮ್ಮ ಹುಡುಗರಿಗೆ ಮೊದಲ ವರ್ಷವೇ ಬೇಕಾಗಿಲ್ಲ ಅಲ್ವಾ?

ಮೈಸೂರಿನ ಗುಂಪಿಗೆ ನಾಲ್ಕು ಕಿಲೋಮೀಟರ್ ಸಾಲದು ಅಂದರೆ ಅವರಿಗೆ ಸ್ಕೋರ್ ಮಾದರಿ ಇಡಿ. ಒಂದು ಗಂಟೆ ಸಮಯ, ಇಪ್ಪತ್ತೂ ಕಂಟ್ರೋಲ್ ತೆರೆದಿರುತ್ತವೆ, ದೂರದ್ದಕ್ಕೆ ಜಾಸ್ತಿ ಅಂಕ, ತಡವಾದ ಪ್ರತಿ ನಿಮಿಷಕ್ಕೂ ಅಂಕ ಕಡಿತ. ಅವರಿಂದ ಪ್ರವೇಶ ಶುಲ್ಕ ತಗೊಂಡರೆ ಮಕ್ಕಳ ನಕ್ಷೆ ಪ್ರಿಂಟಿನ ಖರ್ಚು ಹುಟ್ಟುತ್ತದೆ. ದಾರದ ಚೀಟಿ ಎಲ್ಲ ಖಾಲಿಯಾದ ಮೇಲೆ ಬಾವುಟ ಎತ್ತಿ ತರೋಕೂ ಅವರನ್ನೇ ಕಳಿಸಿ, ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಸಂಖ್ಯೆ ಬರೆದು ಕೊಟ್ಟು. ಹಿಂದಿನ ದಿನದ ಟೇಪನ್ನೂ ಬಿಚ್ಚಿ ತರಲು ಹೇಳಿ, ಅದನ್ನು ಎಲ್ಲರೂ ಮರೆಯುತ್ತಾರೆ.